ಹನ್ನೊಂದು ಜಾಡಿ ಮಣ್ಣು

ಫೆಬ್ರವರಿ 11

ಪ್ರೀತಿಯ ಚಿಕ್ಕಿ,

ಫೋನು ಮಾಡಬಹುದಿತ್ತು. ಆದರೆ ಇಲ್ಲಿ ಫೋನಿನಲ್ಲಿ ಮಾತಾಡಿದರೆ ತಗಡಿನ ಗೋಡೆಯಾಚೆ ಮೂರು ಮನೆಯವರು ಒಲೆ ಆರಿಸಿ ಕೇಳಿಸಿಕೊಳ್ಳುತ್ತಾರೆ, ಆಮೇಲೆ ನನಗೇ ಬುದ್ಧಿ ಹೇಳಲು ಬರುತ್ತಾರೆ. ಅದೂ ಅಲ್ಲದೆ ನಾಲ್ಕು ವರ್ಷದಿಂದ ಫೋನಿನಲ್ಲಿ ನಾವು ಅಕ್ಕತಂಗಿ ಆಡುವುದು ಮೂರೇ ಮಾತು: ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ, ಇಡಲಾ. ಇವತ್ತಿನ ವಿಷಯ ಆ ಮೂರರಲ್ಲಿ ಹಿಡಿಸುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಗರಸಭೆಯವರು ನಮಗೆ ಸನ್ಮಾನ ಮಾಡುತ್ತಾರಂತೆ. ವಲಯಾಧಿಕಾರಿ ತಾವೇ ಬಂದು, ಗೊಬ್ಬರದ ರಾಶಿಯ ಪಕ್ಕದಲ್ಲಿ ಬೂಟು ಕೊಳೆಯಾಗದ ಜಾಗ ಹುಡುಕಿ ನಿಂತು ಹೇಳಿದರು. "ಅಮ್ಮಾ, ನಲವತ್ತು ಬೀದಿಯ ಹಸಿ ಕಸ ನಿಮ್ಮ ಕೈಲಿ ಗೊಬ್ಬರ ಆಗ್ತಿದೆ. ಬೇಸಿಗೇಲಿ ಈ ಕಸದ ಗುಡ್ಡ ಹೊತ್ಕೊಂಡು ಊರೆಲ್ಲಾ ಹೊಗೆ ತುಂಬ್ತಿತ್ತಲ್ಲ, ಅದು ನಿಂತು ಆರು ವರ್ಷ. ನನ್ನ ಮಗಳು ಕೆಮ್ಮೋದು ಬಿಟ್ಟಿದ್ದಾಳೆ. ನೀವು ಐದು ಜನ ಹಿರಿಯರು ವೇದಿಕೆ ಮೇಲೆ ಬರ್ಬೇಕು, ಒಂದು ಫಲಕ ಕೊಡ್ತೀವಿ."

ಗೊಬ್ಬರ ಜರಡಿ ಹಿಡಿಯುವ ಮುದುಕರು ಗೊತ್ತಲ್ಲ, ನಮ್ಮ ಜರಡಿ ಮಾವ, ಅವರು ಕೈ ನಿಲ್ಲಿಸದೆ ಕೇಳಿದರು: "ಸಾಹೇಬ್ರೇ, ಫಲಕ ತಗಡಿನದ್ದಾ? ತಗಡಾದ್ರೆ ನನ್ನ ಸೂರಿನ ತೂತಿಗೆ ಆಗುತ್ತೆ." ಅಧಿಕಾರಿ ನಕ್ಕರು. ಮಾವ ನಗಲಿಲ್ಲ. ತೂತು ನಿಜವಾಗಿಯೂ ಇದೆ.

ಸನ್ಮಾನದ ದಿನ ಎಲ್ಲರೆದುರು ‘ಈ ನೆಲ ಈಗ ಶುದ್ಧ’ ಎಂಬ ಪತ್ರ ಓದಬೇಕಂತೆ. ಅದಕ್ಕೆ ಮಣ್ಣಿನ ಪರೀಕ್ಷೆ ಆಗಬೇಕು. ಮಣ್ಣು ಬರುವುದು ನಿಮ್ಮ ಪ್ರಯೋಗಾಲಯಕ್ಕೇ. "ಅಲ್ಲಿನ ಮುಖ್ಯಸ್ಥೆ ಬಹಳ ಕಟ್ಟುನಿಟ್ಟಂತೆ, ಯಾರ ಮುಲಾಜೂ ಇಲ್ವಂತೆ" ಎಂದರು. ನಾನು "ಹೌದಾ" ಎಂದೆ.

ಈಗ ಇನ್ನೊಂದು ಸುದ್ದಿ. ಅವರು ಹೋದ ಮೇಲೆ ಜರಡಿ ಮಾವ ನನ್ನ ಟ್ರಂಕಿನಿಂದ ನಮ್ಮ ಪರವಾನಗಿ ಕಾಗದ ತೆಗೆಸಿದರು. ಹನ್ನೊಂದು ವರ್ಷದ ಹಿಂದೆ, ಎರಡನೆಯ ಶಿಬಿರದಿಂದ ನಮ್ಮನ್ನು ಎತ್ತಿ ಈ ಕಸದ ಗುಡ್ಡದ ಬುಡಕ್ಕೆ ತಂದು ಇಳಿಸಿದ ದಿನ ಕೊಟ್ಟದ್ದು. ಏಳನೆಯ ಸಾಲು ಹೀಗಿದೆ: ‘ಸದರಿ ನೆಲವು ಮನುಷ್ಯರ ಉಪಯೋಗಕ್ಕೆ ಯೋಗ್ಯವಲ್ಲದೆ ಇರುವವರೆಗೆ ಮಾತ್ರ ಇವರು ಇಲ್ಲಿ ವಾಸಿಸಬಹುದು.’

ಆ ದಿನ ನಾವು ಇದನ್ನು ಓದಿಸಿ ಕೇಳಿಯೇ ಹೆಬ್ಬೆಟ್ಟು ಒತ್ತಿದ್ದೆವು. ಆಗ ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಈ ನೆಲ ನಮ್ಮ ಆಯುಸ್ಸಿನಲ್ಲಿ ಸರಿಹೋಗುತ್ತದೆ ಎಂದು ಯಾರು ಅಂದುಕೊಂಡಿದ್ದರು? ನಾವು ಮನುಷ್ಯರ ಲೆಕ್ಕಕ್ಕೆ ಬರುತ್ತೇವಾ ಎಂದೂ ಆಗ ಯಾರೂ ಕೇಳಲಿಲ್ಲ.

ಚಿಕ್ಕಿ, ನೂರಾ ಹನ್ನೆರಡು ಮನೆ. ನೆಲ ಶುದ್ಧ ಎಂದು ನೀವು ಬರೆದರೆ ನಾವು ಏಳಬೇಕು. ಅಧಿಕಾರಿಗೆ ಈ ಸಾಲು ನೆನಪಿಲ್ಲ. ನೆನಪಿರುವವರು ಮೇಲೆ ಯಾರೋ ಇದ್ದೇ ಇರುತ್ತಾರೆ.

ಹೋದ ತಿಂಗಳು ಒಂದನೇ ತಾರೀಖು ನನ್ನ ಹುಟ್ಟಿದ ಹಬ್ಬ ಆಯಿತು. ನಿನ್ನದೂ. ಇಲ್ಲಿ ಎಲ್ಲರದೂ. ಗಡಿಯಲ್ಲಿ ನಮ್ಮ ಹೆಸರು ಬರೆದುಕೊಂಡ ಗುಮಾಸ್ತನಿಗೆ ಬೇರೆ ತಾರೀಖು ಬರೆಯಲು ಪುರಸೊತ್ತಿರಲಿಲ್ಲ.

ಇತಿ,
ನಿಮ್ಮೂರಿನ ಹೆಂಗಸು


ಫೆಬ್ರವರಿ 24

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ, ಸಹಿಯನ್ನು ಅದಕ್ಕಿಂತ ಹೆಚ್ಚು ಸಲ. ಅದಕ್ಕೆ ಉತ್ತರ ಬರೆಯಲು ಕುಳಿತಾಗಲೆಲ್ಲ ಮಣ್ಣಿನ ಬಗ್ಗೆ ಬರೆಯುವುದು ಸುಲಭ ಅನ್ನಿಸುತ್ತದೆ. ಆದ್ದರಿಂದ ಮಣ್ಣಿನ ಬಗ್ಗೆಯೇ ಬರೆಯುತ್ತೇನೆ.

ನಮ್ಮಲ್ಲಿಗೆ ಚೀಲಗಳು ಬರುವುದು ಊರಾಗಿ ಅಲ್ಲ, ಸಂಖ್ಯೆಯಾಗಿ. ಸಂಬಂಧಿಕರ ಚೀಲ ಬಂದರೆ ಮುಖ್ಯಸ್ಥರು ದೂರ ಸರಿದು ಬೇರೆಯವರಿಗೆ ವಹಿಸಬೇಕೆಂಬ ನಿಯಮವಿದೆ. ಆ ನಿಯಮ ಬರೆದವಳು ನಾನೇ. ಇಲ್ಲಿ ನನಗೆ ಯಾರೂ ಸಂಬಂಧಿಕರಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗೆ ತಿಳಿಯಲು ಬಿಟ್ಟವಳೂ ನಾನೇ.

ಪರೀಕ್ಷೆಗೆ ಮುಂಚೆಯೇ ಏಳನೆಯ ಸಾಲನ್ನು ಬದಲಿಸಿಕೊಡಿ ಎಂದು ನಗರಸಭೆಯನ್ನು ಕೇಳು. ಬಾಯಲ್ಲಿ ಕೇಳಬೇಡ, ಬರೆದು ಕೇಳು, ಒಂದು ಪ್ರತಿ ಇಟ್ಟುಕೋ. ಸನ್ಮಾನ ಮಾಡುವ ಉತ್ಸಾಹದಲ್ಲಿರುವಾಗಲೇ ಕೇಳಬೇಕು.

ನಿಮ್ಮನ್ನು ಅಲ್ಲಿ ಇಳಿಸಿದ ಮೊದಲ ವಾರ ನಾನು ಬಂದಿದ್ದು ನೆನಪಾಗುತ್ತದೆ. ಬ್ಯಾಟರಿ ಒಡೆದು ಎಸೆದ ಮೂಲೆಯಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂತು ಕಪ್ಪು ಮಣ್ಣನ್ನು ಗಾಜಿನ ಜಾಡಿಗೆ ತುಂಬಿ, ಪ್ರತಿ ವರ್ಷ ಇದೇ ಜಾಗದಿಂದ ಒಂದು ಜಾಡಿ ತೆಗೆದಿಡು ಎಂದಿದ್ದೆ. ಏನೋ ಹೇಳಬೇಕಲ್ಲ ಎಂದು ಹೇಳಿದ್ದು. ನೀನು ಈಗಲೂ ಇಡುತ್ತಿದ್ದೀಯಾ?

ನಿನ್ನ,
ಚಿಕ್ಕಿ


ಮಾರ್ಚ್ 9

ಚಿಕ್ಕಿ,

ಇಡುತ್ತಿದ್ದೀಯಾ ಎಂದು ಕೇಳುತ್ತೀಯಲ್ಲ! ಜರಡಿ ಶೆಡ್ಡಿನ ಹಲಗೆಯ ಮೇಲೆ ಹನ್ನೊಂದೂ ಸಾಲಾಗಿವೆ. ನಮ್ಮ ಮಕ್ಕಳಿಗೆ ಎಣಿಕೆ ಕಲಿಸುವುದೇ ಅದರಲ್ಲಿ. ಮೊದಲನೆಯದು ಡಾಂಬರಿನ ಹಾಗೆ, ಮುಚ್ಚಳ ತೆಗೆದರೆ ಇವತ್ತಿಗೂ ಸುಟ್ಟ ವೈರಿನ ವಾಸನೆ. ನಾಲ್ಕನೆಯದರಲ್ಲಿ ಸೂರ್ಯಕಾಂತಿಯ ಬೇರಿನ ಎಳೆಗಳು. ನೀನು ಹೇಳಿದಂತೆ ವಿಷ ಹೀರಲೆಂದು ಬೆಳೆಸಿ, ಕಿತ್ತು, ಯಾರ ಒಲೆಗೂ ಹೋಗದ ಹಾಗೆ ಕಾಂಕ್ರೀಟು ಗುಂಡಿಯಲ್ಲಿ ಹಾಕಿದೆವಲ್ಲ, ಆ ವರ್ಷದ್ದು. ಏಳನೆಯದರಲ್ಲಿ ಒಂದು ಎರೆಹುಳು ಇತ್ತು, ಒಣಗಿ ದಾರದಂತಾಗಿದೆ. ಆ ವರ್ಷವೇ ನೀನು ಮಣ್ಣು ತರಿಸಿಕೊಂಡು ನೋಡಿ ‘ಇನ್ನು ಸೊಪ್ಪು ಬೆಳೆದು ತಿನ್ನಬಹುದು’ ಎಂದು ಬರೆದದ್ದು. ನೀನು ತಿನ್ನಿ ಅಂದೆ, ನಾವು ತಿಂದೆವು. ಹನ್ನೊಂದನೆಯದು ಬೆರಳಲ್ಲಿ ಒತ್ತಿದರೆ ಉದುರುದುರಾಗಿ ಬಿಡಿಸಿಕೊಳ್ಳುತ್ತದೆ.

ಬರೆದು ಕೇಳಿದೆವು. ವಲಯಾಧಿಕಾರಿ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಅಯ್ಯೋ ಅಮ್ಮಾ, ಅದು ಯಾವ ಕಾಲದ ಸಾಲು, ಯಾರು ಓದ್ತಾರೆ ಬಿಡಿ. ಮೊದಲು ಪರೀಕ್ಷೆ ಮುಗೀಲಿ" ಎಂದರು. ಅವರು ಕೆಟ್ಟವರಲ್ಲ. ಅದೇ ಕಷ್ಟ.

ನಿನ್ನೆ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದೆವು. ಪರೀಕ್ಷೆಗೆ ಒಂದು ಜಾಡಿಯಷ್ಟು ಮಣ್ಣು ಸಾಕು, ನೀವೇ ತೆಗೆದು ಕೊಡಿ, ನೀವು ಸುಳ್ಳು ಹೇಳೋರಲ್ಲ ಎಂದು ಅಧಿಕಾರಿ ಹೇಳಿ ಹೋಗಿದ್ದರು. ಜರಡಿ ಮಾವ ಎದ್ದು ಹೋಗಿ ಮೊದಲನೆಯ ಜಾಡಿಯ ಮೇಲೆ ಕೈಯಿಟ್ಟರು.

"ಇದನ್ನ ಕಳಿಸಿಬಿಡು ತಾಯಿ. ಇದೂ ಈ ನೆಲದ್ದೇ ಮಣ್ಣು ತಾನೆ? ಸುಳ್ಳೇನಿದೆ ಇದರಲ್ಲಿ? ಸ್ವಲ್ಪ ಹಳೇದು, ಅಷ್ಟೆ."

"ಮಾವ, ಇದನ್ನ ಕಳಿಸಿದ್ರೆ ನಾಳೆಯಿಂದ ನಮ್ಮ ಗೊಬ್ಬರ ಯಾರು ಮುಟ್ತಾರೆ?" ಎಂದಳು ಮೂರನೇ ಸಾಲು ಮನೆಗಳ ಹಿರಿಯಳು, ಕಸದ ಗಾಡಿಯವಳು.

"ಮೊದಲು ನಿಲ್ಲೋಕೆ ಜಾಗ ಇರ್ಲಿ. ಆಮೇಲೆ ಗೊಬ್ಬರ, ಆಮೇಲೆ ಮಾನ."

"ಮಾನ ಕೊನೇಗೆ ಇಟ್ಕೊಂಡೇ ಇಲ್ಲೀತನಕ ಬಂದಿದ್ದೀವಿ" ಎಂದಳು ಅವಳು.

ದರ್ಜಿಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಈಗ ನಾಲ್ಕು ತಿಂಗಳು. ಎಂದೂ ಸಭೆಯಲ್ಲಿ ಬಾಯಿ ತೆರೆದವಳಲ್ಲ. "ನಾನು ಹುಟ್ಟಿದ್ದು ಟೆಂಟಲ್ಲಿ. ಯಾವ ಊರ ಹತ್ರ ಅಂತ ನಮ್ಮಮ್ಮನಿಗೇ ಜ್ಞಾಪಕ ಇಲ್ಲ. ಇದಕ್ಕಾದ್ರೂ ಒಂದು ವಿಳಾಸ ಬೇಡ್ವಾ ದೊಡ್ಡಮ್ಮಾ?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಎಲ್ಲರೂ ತೀರ್ಮಾನ ನನ್ನ ತಲೆಗೆ ಕಟ್ಟಿ ಎದ್ದು ಹೋದರು.

ಮೊದಲನೆಯದನ್ನೂ ಹನ್ನೊಂದನೆಯದನ್ನೂ ಹಲಗೆಯಿಂದ ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ನಾಳೆ ಚೀಲ ಹೋಗಬೇಕು.

ನಿನ್ನನ್ನು ಏನೂ ಕೇಳುತ್ತಿಲ್ಲ, ಚಿಕ್ಕಿ. ಕೇಳುವುದಿದ್ದರೆ ಏನು ಕೇಳುತ್ತಿದ್ದೆ ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ.

ಇತಿ,
ನಿನ್ನ ಅಕ್ಕ


ಏಪ್ರಿಲ್ 4

ಅಕ್ಕ,

ಚೀಲ ಬಂದು ತಲುಪಿತು. ಬಿಚ್ಚಿದ ಕೂಡಲೇ ಗೊತ್ತಾಯಿತು ನೀನು ಯಾವುದನ್ನು ಕಳಿಸಿದ್ದೀಯೆಂದು. ವಾಸನೆ ನೋಡಬೇಕಾಗಲಿಲ್ಲ.

ಇನ್ನು ನೀನು ಏನೂ ಮಾಡಬೇಡ. ಯಾರಿಗೂ ಏನೂ ಬರೆಯಬೇಡ. ನಿನ್ನ ಪಾಲಿನ ಕೆಲಸ ಮುಗಿಯಿತು.

ಚಿಕ್ಕಿ


ಮೇ 6

ಚಿಕ್ಕಿ,

ವರದಿ ಬಂತು. ನಾವು ಇರಬಹುದು. ಇನ್ನು ಐದು ವರ್ಷ ಪರವಾನಗಿ ಮುಂದುವರಿಸಿದ್ದಾರೆ. ಸನ್ಮಾನ ರದ್ದು.

ಜರಡಿ ಮಾವ ಖಾಲಿ ಡಬ್ಬ ಬಡಿದುಕೊಂಡು ಐದು ಸಾಲೂ ಸುತ್ತಿದರು. ನಾನು ಯಾವ ಮಣ್ಣು ಕಳಿಸಿದೆನೆಂದು ಅವರಿಗೆ ಹೇಳಿರಲಿಲ್ಲ; ಮೊದಲನೆಯ ಜಾಡಿಯದು ಎಂದೇ ಎಲ್ಲರೂ ತಿಳಿದಿದ್ದರು. "ನೋಡ್ದಾ, ಹಳೇ ಮಣ್ಣು ಕೈ ಬಿಡಲಿಲ್ಲ" ಎಂದು ನನ್ನ ಬೆನ್ನು ತಟ್ಟಿದರು. ಆಗ ನಾನು ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲನೆಯ ಜಾಡಿ ಹಲಗೆಯ ಮೇಲೆ ತುಂಬಿಯೇ ಇದೆಯಲ್ಲ, ಚಿಕ್ಕಿ. ನಾನು ಐದು ಜಾಗದಲ್ಲಿ ಗೇಣುದ್ದ ಅಗೆದು, ಬೆರೆಸಿ, ಇವತ್ತಿನ ಮಣ್ಣನ್ನೇ ಕಳಿಸಿದ್ದೆ.

ಸೀಸ: ಮುನ್ನೂರ ಎಂಬತ್ತು. ಮಿತಿ: ನೂರು. ಕೆಳಗೆ ನಿನ್ನ ಸಹಿ, ಮುದ್ರೆ.

ಹನ್ನೊಂದು ವರ್ಷ ನಾನು ಈ ಮಣ್ಣನ್ನು ಮುಟ್ಟಿ ನೋಡಿದ್ದೇನೆ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಇದು ಬೆಂದಿದೆ, ಇದು ಬೇಯಬೇಕು ಎಂದು ಹೇಳಿದ್ದೇನೆ. ಕಾಗದ ನೋಡಿದ ಮೇಲೆ ಅದೇ ಮಣ್ಣನ್ನು ಹಿಡಿದರೆ ಯಾರದೋ ಮಣ್ಣು ಹಿಡಿದ ಹಾಗಾಯಿತು. ನನ್ನ ಕೈ ನನಗೆ ಸುಳ್ಳು ಹೇಳುತ್ತಿತ್ತು ಅನ್ನಿಸಿತು.

ಏಳನೆಯ ವರ್ಷ ನೀನು ‘ತಿನ್ನಬಹುದು’ ಅಂದದ್ದು ಹೇಗೆ? ಆಗ ತಪ್ಪಾಗಿ ನೋಡಿದೆಯಾ? ಇಲ್ಲ ಆಮೇಲೆ ನಾವು ತಂದ ಕಸದಲ್ಲೇ ಏನಾದರೂ ಸೇರಿತಾ? ಕೋಪಕ್ಕೆ ಕೇಳುತ್ತಿಲ್ಲ. ನೀನು ಓದಿದವಳು, ನಿನಗೆ ಗೊತ್ತಿರುತ್ತದೆ.

ಸೊಪ್ಪಿನ ಮಡಿಗಳನ್ನೆಲ್ಲ ಕಿತ್ತು ಹಾಕಿಸಿದೆ. ನಗರಸಭೆ ನಮ್ಮ ಗೊಬ್ಬರ ನಿಲ್ಲಿಸಿತು, ಅದು ಸರಿಯೇ. ನಲವತ್ತು ಬೀದಿಯ ಕಸ ಈಗ ಲಾರಿಯಲ್ಲಿ ಊರಾಚೆಯ ಕಣಿವೆಗೆ ಹೋಗುತ್ತಿದೆ. ಮೊನ್ನೆ ಅಲ್ಲಿ ಬೆಂಕಿ ಬಿದ್ದು ಹೊಗೆ ಈ ಕಡೆಗೇ ಬಂತು. ಗಾಡಿಯವಳು ತನ್ನ ಗಾಡಿಯನ್ನು ತೊಳೆದು ಬೋರಲು ಹಾಕಿದ್ದಾಳೆ.

ದರ್ಜಿಯ ಸೊಸೆ ಬಂದು ನನ್ನ ಮುಂದೆ ಕೂತಳು. ಮೊದಲ ಮೂರು ತಿಂಗಳು ಅವಳಿಗೆ ಬೇರೇನೂ ಸೇರುತ್ತಿರಲಿಲ್ಲ. ದಿನಾ ನಾನೇ ಸೊಪ್ಪು ಬೇಯಿಸಿ ತಟ್ಟೆಯಲ್ಲಿ ಒಯ್ದು ಕೊಡುತ್ತಿದ್ದೆ. "ದೊಡ್ಡಮ್ಮಾ, ಏನು ತಿನ್ನಿಸ್ಬಿಟ್ರಿ ನನಗೆ?" ಎಂದಳು. ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ, ಕೇಳಿದಳು ಅಷ್ಟೆ.

ಅಕ್ಕ


ಮೇ 28

ಚಿಕ್ಕಿ,

ಮೂರು ವಾರವಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಫೋನು ಎತ್ತುವುದಿಲ್ಲ. ಈಗ ಮೂರು ಮಾತೂ ಇಲ್ಲವಾ?

ದರ್ಜಿಯ ಸೊಸೆ ಇನ್ನೊಂದು ಶಿಬಿರದಲ್ಲಿರುವ ತನ್ನ ತಾಯಿಯ ಹತ್ತಿರ ಹೋದಳು. ಗಂಡ ಬಸ್ಸಿನವರೆಗೂ ಹಿಂದೆ ಹೋಗಿ ಬಂದ. ರಕ್ತ ಪರೀಕ್ಷೆ ಮಾಡಿಸಲು ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಅವಳು ಒಪ್ಪುತ್ತಿಲ್ಲ. "ಗೊತ್ತಾದ್ರೆ ಏನ್ಮಾಡ್ಲಿ, ತೆಗೆದು ಎಸೀಲಾ?" ಎಂದಳಂತೆ.

ಎಲ್ಲರೂ ನನ್ನೊಡನೆ ಮೊದಲಿನ ಹಾಗೆಯೇ ಮಾತಾಡುತ್ತಾರೆ. ಆದರೆ ನಾನು ಕೊಟ್ಟ ನೀರನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡುತ್ತಾರೆ.

ಅಕ್ಕ


ಜೂನ್ 10

ಅಕ್ಕ,

ಈ ಪತ್ರವನ್ನು ಕುಳಿತುಕೊಂಡು ಓದು. ಮೊದಲ ಸಾಲಿನಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ಹೇಳದೆ ಉಳಿದುಬಿಡುತ್ತೇನೆ. ನಿನ್ನ ಮಣ್ಣು ಶುದ್ಧವಾಗಿತ್ತು. ಸೀಸ ಮೂವತ್ತೆಂಟು. ನಾನು ಒಂದು ಸೊನ್ನೆ ಸೇರಿಸಿದೆ.

ಏಳನೆಯ ವರ್ಷ ನಾನು ಹೇಳಿದ್ದು ಸರಿ. ನಿನ್ನ ಕೈ ಹೇಳಿದ್ದೂ ಸರಿ. ಆ ಹುಡುಗಿಯ ಹೊಟ್ಟೆಗೆ ನೀನು ಸೊಪ್ಪನ್ನೇ ತಿನ್ನಿಸಿದ್ದೀಯ, ಬೇರೇನನ್ನೂ ಅಲ್ಲ. ಇದನ್ನು ಇವತ್ತೇ ಅವಳಿಗೆ ತಲುಪಿಸು. ಉಳಿದದ್ದನ್ನು ಆಮೇಲೆ ಓದಿದರೂ ಸರಿ.

ಮೊದಲನೆಯ ಜಾಡಿಯ ಮಣ್ಣು ಬಂದಿದ್ದರೆ ನನಗೆ ಸುಲಭವಾಗಿತ್ತು. ಇದ್ದ ಅಂಕಿಯನ್ನು ಬರೆದು ಸಹಿ ಹಾಕುತ್ತಿದ್ದೆ. ಸುಳ್ಳು ನಿನ್ನದಾಗುತ್ತಿತ್ತು, ನಾನು ಪ್ರಾಮಾಣಿಕಳಾಗಿ ಉಳಿಯುತ್ತಿದ್ದೆ. ಆದರೆ ಚೀಲ ಬಿಚ್ಚಿದಾಗ ಆ ಕಂದು ಮಣ್ಣು. ನೂರಾ ಹನ್ನೆರಡು ಮನೆಯನ್ನು ಪಣಕ್ಕಿಟ್ಟು ನೀನು ನಿಜ ಕಳಿಸಿದ್ದೆ. ನಿಜ ಹೇಳುವುದು ಅಕ್ಕನ ಪಾಲಿಗೆ ಬಂತು, ಸುಳ್ಳು ಹೇಳುವುದು ನನ್ನ ಪಾಲಿನದು ಎಂದು ನನ್ನಷ್ಟಕ್ಕೆ ನಾನೇ ಹಂಚಿಕೊಂಡೆ. ಆಗ ಅದು ಧೈರ್ಯದ ಹಾಗೆ ಕಂಡಿತ್ತು.

ನಿನಗೆ ತಿಳಿಯುತ್ತದೆ ಎಂದು ನಂಬಿದ್ದೆ. ಅಂಕಿ ನೋಡಿ ನೀನು ನಗುತ್ತೀಯ, ‘ಚಿಕ್ಕಿ ಕೊನೆಗೂ ನಮ್ಮವಳಾದಳು’ ಎಂದುಕೊಳ್ಳುತ್ತೀಯ ಎಂದು. ನೀನು ನಿನ್ನ ಕೈಯನ್ನು ಬಿಟ್ಟು ನನ್ನ ಮುದ್ರೆಯನ್ನು ನಂಬುತ್ತೀಯೆಂದು ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಹುಟ್ಟಿದ ದಿನವನ್ನೂ ಕಾಗದದಿಂದ ಕಲಿತವರು ನಾವು. ಗುರುತಿನ ಚೀಟಿಯಲ್ಲಿ ನೀನು ನನಗಿಂತ ನಾಲ್ಕೇ ವರ್ಷ ದೊಡ್ಡವಳು. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದ್ದು ಯಾರು ಎಂದು ಕೇಳಿದರೆ ಆ ಚೀಟಿಯ ಪ್ರಕಾರ ಉತ್ತರವಿಲ್ಲ. ಆದರೂ ನಾವಿಬ್ಬರೂ ಅದನ್ನು ತಿದ್ದಿಸಲಿಲ್ಲ, ಸ್ವಲ್ಪ ಸ್ವಲ್ಪ ನಂಬಲೂ ತೊಡಗಿದೆವು.

ನಿನಗೋಸ್ಕರ ಮಾಡಿದೆ ಎಂದು ಬರೆಯಲು ಹೊರಟೆ. ಐದು ವಾರ ತಡವಾಗಿದ್ದು ಆ ಒಂದು ವಾಕ್ಯಕ್ಕೆ. ಅದು ನಿಜವಾ ಎಂದು ನೋಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನೀನು ಗೊಬ್ಬರದ ಚೀಲ ಹೊತ್ತುಕೊಂಡು ನನ್ನ ಕಚೇರಿಗೆ ಬಂದೆ. ನಿರ್ದೇಶಕರು ಅಲ್ಲೇ ಇದ್ದರು. "ಯಾರಿವರು?" ಎಂದರು. "ನಮ್ಮೂರಿನವರು" ಎಂದೆ. ನೀನು ಅವರಿಗೆ ನಮಸ್ಕಾರ ಮಾಡಿ, ಚೀಲ ಇಳಿಸಿ, ಕೊಟ್ಟ ಟೀ ಕುಡಿದು ಹೋದೆ. ಆ ಟೀ ಲೋಟವನ್ನು ನೀನೇ ತೊಳೆದಿಟ್ಟು ಹೋಗಿದ್ದೆ. ಆ ಸೊನ್ನೆಯನ್ನು ಬರೆದದ್ದು ನಿನ್ನ ನೆಲಕ್ಕಾಗಿಯೋ, ಆ ಲೋಟಕ್ಕಾಗಿಯೋ ನನಗೆ ಈಗಲೂ ಗೊತ್ತಾಗುತ್ತಿಲ್ಲ.

ಈಗ ನೀನು ಸುಮ್ಮನಿದ್ದರೆ ನೆಲ ಉಳಿಯುತ್ತದೆ. ನಾನು ಮಾತಾಡಿದರೆ ಹೋಗುತ್ತದೆ. ಏನು ಮಾಡಲಿ, ಹೇಳು.

ಚಿಕ್ಕಿ


ಜೂನ್ 25

ಚಿಕ್ಕಿ,

ನಿನ್ನ ಪತ್ರ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಹೇಳಲಾ? ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದೆ. ಆಮೇಲೆ ಕೂತು ಅತ್ತೆ. ಆಮೇಲೆ ನಿನಗೆ ಬಯ್ದೆ, ಗಟ್ಟಿಯಾಗಿಯೇ. ಮೂರು ಮನೆಯವರೂ ಕೇಳಿಸಿಕೊಂಡಿದ್ದಾರೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಉಳಿದ ನಾಲ್ವರು ಹಿರಿಯರನ್ನೂ ಕೂರಿಸಿ ಓದಿದೆ. ಲೋಟದ ಭಾಗ ಬಿಟ್ಟು.

ಜರಡಿ ಮಾವ ನೆಲ ನೋಡುತ್ತಾ ಹೇಳಿದರು: "ಸುಮ್ನಿದ್ದುಬಿಡು ತಾಯಿ. ಸುಳ್ಳೇ ಇರಲಿ. ನಲವತ್ತು ವರ್ಷದಲ್ಲಿ ಮೊದಲನೇ ಸಲ ಒಂದು ಸರಕಾರದ ಸುಳ್ಳು ನಮ್ಮ ಕಡೆಗೆ ಬಂದಿದೆ. ಅದನ್ನ ವಾಪಸ್ ಕಳಿಸ್ತೀಯಾ?"

ಯಾರಿಗೂ ನಗು ಬರಲಿಲ್ಲ. ದರ್ಜಿ ಮಾತ್ರ ಕೇಳಿದ: "ನನ್ನ ಸೊಸೆಗೆ ಏನು ಹೇಳೋದು?"

"ಅವಳೊಬ್ಬಳಿಗೆ ನಿಜ ಹೇಳೋಣ" ಎಂದರು ಮಾವ.

"ಅವಳೊಬ್ಬಳಿಗೆ ಹೇಳಿದ್ರೆ ಅವಳಮ್ಮ ಕೇಳಲ್ವಾ? ಆ ಶಿಬಿರ ಕೇಳಲ್ವಾ? ಡಾಕ್ಟ್ರು ಕೇಳಲ್ವಾ? ಇಲ್ಲಾ, ಹೇಳೋದೇ ಬೇಡ, ಅವಳು ವಿಷ ಹೊತ್ಕೊಂಡಿದ್ದೀನಿ ಅಂತಾನೇ ಹೆರಲಿ ಅಂತೀರಾ? ಇನ್ನು ಒಂದೂವರೆ ತಿಂಗಳಿದೆ."

ಮಾವ ಎದ್ದು ಹೋಗಿ ಗೋಡೆಗೆ ಒರಗಿಸಿದ್ದ ಜರಡಿಯ ಧೂಳು ಒರೆಸಿದರು. ಸಭೆ ಮುಗಿದದ್ದು ಹಾಗೆ.

ಮರುದಿನ ನಾನೂ ದರ್ಜಿಯೂ ಬಸ್ಸಿನಲ್ಲಿ ಹೋಗಿ ಅವಳಿಗೆ ಹೇಳಿದೆವು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಮೊದಲನೇ ಕಾಗದಕ್ಕೂ ಅವರದ್ದೇ ಸಹಿ, ಇದಕ್ಕೂ ಅವರದ್ದೇ ಸಹಿಯಾ?" ಎಂದಳು. ರಕ್ತ ಪರೀಕ್ಷೆಗೆ ಮಾತ್ರ ಒಪ್ಪಿದಳು.

ನೀನು ಕೇಳಿದೆ, ಏನು ಮಾಡಲಿ ಎಂದು. ನಾನು ಹೋಗಿ ಹೇಳಿದರೆ ನಿನ್ನ ಮೇಲೆ ದೂರು ಕೊಟ್ಟ ಹಾಗಾಗುತ್ತದೆ. ಅದು ನನ್ನಿಂದ ಆಗದು. ನೀನೇ ಹೇಳು. ಹೇಳುವಾಗ ಪೂರ್ತಿ ಹೇಳು. ಬರೀ ಅಂಕಿ ತಪ್ಪಾಯಿತು ಎಂದು ಹೇಳಿ ಬರಬೇಡ.

ಅಕ್ಕ


ಜುಲೈ 19

ಅಕ್ಕ,

ಹೇಳಿದೆ.

ನಿರ್ದೇಶಕರ ಕೋಣೆಯಲ್ಲಿ ಅದೇ ಕುರ್ಚಿ, ಅದೇ ಕಿಟಕಿ. ಅವರು ಯಂತ್ರದ ಮೂಲ ಹಾಳೆಯನ್ನೂ ನಾನು ಕಳಿಸಿದ ವರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, "ಯಂತ್ರದ ದೋಷ ಅಂತ ಬರೆಯೋಣ. ಇಪ್ಪತ್ತು ವರ್ಷ ಸೇವೆ ಮಾಡಿದ್ದೀರಿ" ಎಂದರು. ದಯೆಯಿಂದಲೇ ಹೇಳಿದರು. ನಾನು ಒಂದು ನಿಮಿಷ ಆ ದಯೆಯೊಳಗೆ ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ಆಮೇಲೆ, "ಯಂತ್ರದ್ದಲ್ಲ ಸರ್, ನನ್ನದು. ಆ ನೆಲದಲ್ಲಿರೋ ಹಿರಿಯಳು ನನ್ನ ಅಕ್ಕ" ಎಂದೆ.

"ನಿಮ್ಮ ಅಕ್ಕ? ಸ್ವಂತ?"

"ನೀವು ನೋಡಿದ್ದೀರಿ ಸರ್. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಿದ್ರು. ನಮ್ಮೂರಿನವರು ಅಂದಿದ್ದೆ."

ಅವರಿಗೆ ನೆನಪಿರಲಿಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವರ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

ಅಮಾನತಿನ ಆದೇಶ ಬಂದಿದೆ. ವಿಚಾರಣೆ ನಡೆಯುತ್ತದೆ. ನಿನ್ನ ಮಣ್ಣನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಮೂವತ್ತೆಂಟರ ಹತ್ತಿರವೇ ಬರುತ್ತದೆ. ಅದು ಬಂದ ದಿನ ನೀವು ಏಳಬೇಕಾಗುತ್ತದೆ ಎಂದು ನನಗೆ ಗೊತ್ತು. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಅದು ನಾನು ಕೇಳುವ ವಸ್ತುವಲ್ಲ ಅನ್ನಿಸಿತು.

ಒಂದೇ ಒಂದು ಮಾತು: ಹೊಸ ಜಾಗದ ಕಾಗದ ಬಂದಾಗ ಏಳನೆಯ ಸಾಲನ್ನು ಓದದೆ ಸಹಿ ಹಾಕಬೇಡ.

ಚಿಕ್ಕಿ


ನವೆಂಬರ್ 3

ಚಿಕ್ಕಿ,

ಹೊಸ ಜಾಗಕ್ಕೆ ಬಂದು ಹತ್ತು ದಿನವಾಯಿತು. ಹಳೆಯ ಬಣ್ಣದ ಕಾರ್ಖಾನೆಯ ಹಿಂದಿನ ಬಯಲು. ಮಳೆ ಬಂದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಬಹಳ ಖುಷಿ, ನಾವು ಕೋಲು ಹಿಡಿದು ಓಡಿಸುತ್ತಿದ್ದೇವೆ. ಹುಲ್ಲಿಲ್ಲ. ಇರುವೆಯೂ ಇಲ್ಲ. ನೂರಾ ಹನ್ನೆರಡರಲ್ಲಿ ತೊಂಬತ್ತಾರು ಮನೆ ಬಂದಿವೆ. ಉಳಿದವರು ಇನ್ನೊಮ್ಮೆ ಶುರು ಮಾಡಲಾರೆವು ಎಂದು ಎಲ್ಲೆಲ್ಲಿಗೋ ಚದುರಿದರು. ಜರಡಿ ಮಾವ ಬಂದಿದ್ದಾರೆ. ಜರಡಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಲಾರಿ ಹತ್ತದೆ, ನಡೆದೇ ಬಂದರು. ನನ್ನೊಡನೆ ಎರಡು ವಾರ ಮಾತು ಬಿಟ್ಟಿದ್ದರು. ಮೊನ್ನೆ ಬಂದು, "ಇಲ್ಲಿ ಜರಡಿ ಹಿಡಿಯೋಕೆ ಏನಿದೆ, ನನ್ನ ತಲೆ?" ಎಂದರು. ರಾಜಿಯಾಯಿತು ಎಂದುಕೊಂಡೆ.

ಸನ್ಮಾನವೂ ಆಯಿತು. ಹಳೆಯ ಜಾಗದಲ್ಲಿ ಉದ್ಯಾನ ಮಾಡುತ್ತಾರಂತೆ, ಬೇಲಿ ಹಾಕಿದ ದಿನವೇ ವೇದಿಕೆಯನ್ನೂ ಹಾಕಿದರು. ಫಲಕ ಗಾಜಿನದು. ಸೂರಿಗೆ ಆಗುವುದಿಲ್ಲ. ನಲವತ್ತು ಬೀದಿಯ ಕಸವನ್ನು ಮತ್ತೆ ನಮಗೇ ಕೊಡುತ್ತಾರಂತೆ. ಕಣಿವೆಯ ಹೊಗೆ ಅಧಿಕಾರಿಯ ಮನೆಯವರೆಗೂ ಹೋಗಿದೆ, ಅವರ ಮಗಳು ಮತ್ತೆ ಕೆಮ್ಮುತ್ತಿದ್ದಾಳೆ.

ಹೊಸ ಕಾಗದದಲ್ಲೂ ಏಳನೆಯ ಸಾಲು ಅದೇ ಇತ್ತು. ಹನ್ನೊಂದು ದಿನ ನಾನು ಸಹಿ ಹಾಕಲಿಲ್ಲ. ದಿನಾ ಹೋಗಿ ವಲಯಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕೂತೆ. "ಒಂದು ಸಾಲಿಗೆ ಇಷ್ಟು ಹಠಾನಾ ಅಮ್ಮಾ?" ಎಂದರು. "ಒಂದು ಸಾಲಿಗೇ ಅಲ್ವಾ ಸಾಹೇಬ್ರೇ ನಾವು ಎದ್ದಿದ್ದು?" ಎಂದೆ. ಹನ್ನೊಂದನೆಯ ದಿನ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ‘ನೆಲ ಸರಿಹೋದ ಮೇಲೂ ಸರಿಮಾಡಿದವರು ಇಲ್ಲಿಯೇ ಇರಬಹುದು’ ಎಂದು ಬರೆದು ತಮ್ಮ ಹೆಸರು ಹಾಕಿದರು. ಮುದ್ರೆ ಒತ್ತಲಿಲ್ಲ. ಮುದ್ರೆ ಮೇಲಿನವರ ಹತ್ತಿರ ಇದೆಯಂತೆ. ನಾನು ಸಹಿ ಹಾಕಿದೆ. ಮುದ್ರೆಯಿಲ್ಲದ ಅಕ್ಷರವನ್ನು ನಂಬಲು ಕಲಿಯುತ್ತಿದ್ದೇನೆ. ಇನ್ನೂ ಪೂರ್ತಿ ಬಂದಿಲ್ಲ.

ದರ್ಜಿಯ ಸೊಸೆಗೆ ಹೆಣ್ಣು ಮಗು. ಆಗಸ್ಟಿನಲ್ಲೇ ಆಯಿತು. ರಕ್ತದಲ್ಲಿ ಏನೂ ಇಲ್ಲ, ಮಗು ಗುಂಡಗಿದೆ, ಗಂಟಲು ದೊಡ್ಡದು. ಹೆರಿಗೆ ಆಸ್ಪತ್ರೆಯಲ್ಲಿ ವಿಳಾಸ ಕೇಳಿದಾಗ ಹಳೆಯ ಜಾಗದ್ದೇ ಬರೆಸಿದಳಂತೆ. ಅಲ್ಲಿ ಈಗ ಬೇಲಿಯಿದೆ. ಆದರೂ ಕಾಗದದಲ್ಲಿ ಆ ಮಗು ಅಲ್ಲಿಯದೇ. ಈಗ ಇಲ್ಲಿಗೆ ಬಂದಿದ್ದಾಳೆ. ಮಗುವನ್ನು ನನ್ನ ಮಡಿಲಿಗೆ ಕೊಡುತ್ತಾಳೆ. ನಾನು ಬೇಯಿಸಿ ಕೊಟ್ಟದ್ದನ್ನು ಪಕ್ಕಕ್ಕೆ ಸರಿಸಿಡುತ್ತಾಳೆ. ನಿನ್ನ ಸೊನ್ನೆಯನ್ನು ಕಾಗದದಿಂದ ಅಳಿಸಿದರು, ಅವಳ ತಟ್ಟೆಯಿಂದ ಅಳಿಸಲು ಎಷ್ಟು ವರ್ಷ ಬೇಕೋ. ನಾನು ದಿನಾ ಒಯ್ದು ಕೊಡುತ್ತೇನೆ.

ನಿನ್ನ ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ನೀನು ಬರೆದಿಲ್ಲ. ನಾನು ಕೇಳುವುದಿಲ್ಲ. ಅಂದು ನಿನಗೆ ಬಯ್ದ ಬಯ್ಗುಳ ಒಂದನ್ನೂ ವಾಪಸ್ ತೆಗೆದುಕೊಂಡಿಲ್ಲ, ಅದೂ ನಿನಗೆ ಗೊತ್ತಿರಲಿ.

ಹನ್ನೊಂದು ಜಾಡಿಗಳನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದೇನೆ. ಒಂದೂ ಒಡೆದಿಲ್ಲ. ಹೊಸ ಶೆಡ್ಡಿನಲ್ಲಿ ಹಲಗೆ ಹೊಡೆಸಿ ಸಾಲಾಗಿ ಇಟ್ಟೆ. ಇಲ್ಲಿನ ಮೊದಲ ವರ್ಷದ ಮಣ್ಣನ್ನು ತೆಗೆಯಬೇಕು, ತೆಗೆದಿಲ್ಲ. ಅಲ್ಲಿ ಮೊದಲನೆಯದನ್ನು ನೀನು ತುಂಬಿದ್ದೆ, ಕುಕ್ಕರುಗಾಲಿನಲ್ಲಿ ಕೂತು. ನನಗೆ ಈಗ ಮಂಡಿ ಮಡಿಸಲು ಆಗುವುದಿಲ್ಲ.

ಖಾಲಿ ಜಾಡಿಯೊಂದನ್ನು ತೊಳೆದು, ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ.

ನಿನ್ನ ಅಕ್ಕ